ಲಿನಕ್ಸ್‌ನ ಫ್ಯಾನ್‌ಕಂಟ್ರೋಲ್: ಮುಖವಿಲ್ಲದ ಸ್ಕ್ರಿಪ್ಟ್, ಸದ್ದಿಲ್ಲದ ಫ್ಯಾನ್

ಫ್ಯಾನ್‌ಕಂಟ್ರೋಲ್ ನೋಡೋಕೆ ಏನೂ ಚೆಂದ ಇಲ್ಲ. ಗ್ರಾಫ್ ಇಲ್ಲ, ಬಟನ್ ಇಲ್ಲ. ಇರೋದು ಒಂದು ಬ್ಯಾಶ್ ಸ್ಕ್ರಿಪ್ಟ್, ಜೊತೆಗೊಂದು ಸೆಟ್ಟಿಂಗ್‌ಗಳ ಟೆಕ್ಸ್ಟ್ ಫೈಲ್, ಅಷ್ಟೇ. ಬಿಸಿ ನೋಡಿಕೊಂಡು ಕಂಪ್ಯೂಟರ್ ಫ್ಯಾನ್‌ಗಳ ವೇಗ ಏರಿಸೋದು, ಇಳಿಸೋದು ಇದರ ಕೆಲಸ. ಬಿಸಿ, ಫ್ಯಾನ್ ವೇಗ ಓದುವ ಎಲ್‌ಎಂ-ಸೆನ್ಸರ್ಸ್ ಪ್ರಾಜೆಕ್ಟ್‌ನ ಭಾಗ ಇದು, ಕೆಲವು ಡಿಸ್ಟ್ರೋಗಳಲ್ಲಿ (ಲಿನಕ್ಸ್ ಆವೃತ್ತಿಗಳಲ್ಲಿ) ಬೇರೆ ಪ್ಯಾಕೇಜಾಗಿ ಸಿಗುತ್ತದೆ. ವರ್ಷಗಳಿಂದ ನನ್ನ ಡೆಸ್ಕ್‌ಟಾಪ್‌ನ ಫ್ಯಾನ್‌ಗಳನ್ನು ಇದೇ ನೋಡಿಕೊಳ್ಳುತ್ತಿದೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಆ ಒಂದು ಯಾಕೆ ಹೋಯ್ತು ಅನ್ನೋದನ್ನೂ ಹೇಳುತ್ತೇನೆ.

ಬಯಾಸ್‌ನಲ್ಲೇ (ಮೆಷಿನ್ ಆನ್ ಆದಾಗ ಮೊದಲು ಓಡುವ ಬೋರ್ಡಿನ ಸಾಫ್ಟ್‌ವೇರ್‌ನಲ್ಲೇ) ಸೆಟ್ ಮಾಡಬಹುದಲ್ವಾ ಅಂತ ಕೇಳುವವರಿದ್ದಾರೆ. ಮಾಡಬಹುದು, ಎಷ್ಟೋ ಜನಕ್ಕೆ ಅಷ್ಟೇ ಸಾಕು. ಆದರೆ ಸಾಮಾನ್ಯವಾಗಿ ಬಯಾಸ್‌ ನೋಡೋದು ಪ್ರೊಸೆಸರ್ ಮತ್ತು ಬೋರ್ಡಿನ ಬಿಸಿಯನ್ನು ಮಾತ್ರ. ಡಿಸ್ಕ್ ಬಿಸಿಯಾದಾಗ ಮುಂದಿನ ಫ್ಯಾನ್ ಜೋರಾಗಬೇಕು ಅಂದರೆ ಅದರ ಕೈಲಿ ಆಗಲ್ಲ. ಲಿನಕ್ಸ್‌ನ ತಿರುಳಾದ ಕರ್ನಲ್‌ನ 5.5ನೇ ಆವೃತ್ತಿಯಿಂದ ಎನ್‌ವಿಎಂಇ ಎಸ್‌ಎಸ್‌ಡಿಯ ಟೆಂಪರೇಚರ್ ಕೂಡ ಉಳಿದ ಸೆನ್ಸರ್‌ಗಳ ಸಾಲಿಗೇ ಬಂತು. 5.6ರಲ್ಲಿ ಡ್ರೈವ್‌ಟೆಂಪ್ ಮಾಡ್ಯೂಲ್ (ಕರ್ನಲ್‌ಗೆ ಸೇರಿಸುವ ಡ್ರೈವರ್) ಬಂದ ಮೇಲೆ ಸಾಟಾ ಡಿಸ್ಕ್‌ದೂ ಸೇರಿಕೊಂಡಿತು. ನಾನು ಇದನ್ನು ಹಿಡಿದುಕೊಂಡಿರೋಕೆ ಮುಖ್ಯ ಕಾರಣ ಅದೇ.

ಮೊದಲ ಸಲ ಹೊಂದಿಸುವುದು ಸುಲಭ. ಸೆನ್ಸರ್ ಹುಡುಕುವ ಸೆನ್ಸರ್ಸ್-ಡಿಟೆಕ್ಟ್ ಓಡಿಸಿ, ಬೇಕಾದ ಮಾಡ್ಯೂಲ್‌ಗಳು ಲೋಡ್ ಆದ ಮೇಲೆ ಸೆಟ್ಟಿಂಗ್ ಫೈಲ್ ಬರೆದುಕೊಡುವ ಪಿಡಬ್ಲ್ಯುಎಂಕಾನ್ಫಿಗ್ ಓಡಿಸಬೇಕು. ಅದು ಫ್ಯಾನ್ ವೇಗ ನಿರ್ಧರಿಸುವ ಪಿಡಬ್ಲ್ಯುಎಂ ಔಟ್‌ಪುಟ್‌ಗಳಲ್ಲಿ ಒಂದೊಂದನ್ನೇ ಐದು ಸೆಕೆಂಡ್ ಸೊನ್ನೆಗೆ ಇಳಿಸಿ, ಯಾವ ಫ್ಯಾನಿನ ವೇಗ ಬಿತ್ತು ಅಂತ ನೋಡುತ್ತದೆ. ಯಾವ ಕನೆಕ್ಟರ್‌ಗೆ ಯಾವ ಫ್ಯಾನ್ ಅಂತ ಕೇಸ್ ಬಿಚ್ಚದೆ ಗೊತ್ತಾಗುತ್ತದೆ. ಫ್ಯಾನ್ ನಿಲ್ಲೋದರಿಂದ, ಮೆಷಿನ್ ಮೇಲೆ ಭಾರದ ಕೆಲಸ ಇಲ್ಲದಾಗ ಮಾತ್ರ ಇದನ್ನು ಮಾಡಿ.

ಆಮೇಲೆ ಅದು ಕೇಳುವ ಪ್ರಶ್ನೆಗಳಿಗೆ ಸುಮ್ನೆ ಎಂಟರ್ ಒತ್ತಿಕೊಂಡು ಹೋಗಬೇಡಿ. ಕೆಳಗಿನ ಮಿತಿಗೆ ಅದು ತಾನಾಗಿ ಕೊಡೋದು 20 ಡಿಗ್ರಿ, ಮೇಲಿನದಕ್ಕೆ 60. ಪ್ರೊಸೆಸರ್ ಫ್ಯಾನ್‌ಗೆ ಇದು ಯಾವ ಲೆಕ್ಕಕ್ಕೂ ಸರಿಹೋಗಲ್ಲ. ಸುಮ್ಮನೆ ಕೂತಿರುವ ಮೆಷಿನ್ನೇ 40ರ ಹತ್ತಿರ ಇರುತ್ತದೆ, ಅಂದರೆ ಫ್ಯಾನ್ ಯಾವಾಗಲೂ ಅರ್ಧ ದಾರಿಯಲ್ಲೇ. ನಾನು 45 ಮತ್ತು 80 ಇಟ್ಟಿದ್ದೇನೆ. ನಡುವೆ ವೇಗ ನೇರ ಗೆರೆಯಲ್ಲಿ ಏರುತ್ತದೆ. ಬಾಗಿದ ಕರ್ವ್ ಬೇಕು ಅಂದರೆ ಇದರಲ್ಲಿ ಇಲ್ಲ.

ವೇಗದ ಅಂಕಿ 0ಯಿಂದ 255ರವರೆಗೆ. ಇಲ್ಲಿ ಜಾಸ್ತಿ ಗಮನ ಕೊಡಬೇಕಾದ ಎರಡು ಸಾಲುಗಳಿವೆ: ಮಿನ್‌ಸ್ಟಾರ್ಟ್ (ನಿಂತ ಫ್ಯಾನ್ ಹೊರಡೋಕೆ ಬೇಕಾದ ಕನಿಷ್ಠ ಅಂಕಿ) ಮತ್ತು ಮಿನ್‌ಸ್ಟಾಪ್ (ತಿರುಗುತ್ತಿರುವ ಫ್ಯಾನ್ ನಿಲ್ಲದೇ ಇರೋಕೆ ಬೇಕಾದ ಕನಿಷ್ಠ ಅಂಕಿ). ಉರುಳುತ್ತಿರುವ ಗಾಡಿಗಿಂತ ನಿಂತ ಗಾಡಿಯನ್ನು ತಳ್ಳೋಕೆ ಹೆಚ್ಚು ಬಲ ಬೇಕಲ್ವಾ, ಫ್ಯಾನೂ ಹಾಗೇ. 70ರಲ್ಲಿ ಆರಾಮಾಗಿ ತಿರುಗುತ್ತಿರುವ ಫ್ಯಾನ್, ಒಮ್ಮೆ ನಿಂತರೆ ಅದೇ 70ಕ್ಕೆ ಮತ್ತೆ ಹೊರಡದೇ ಇರಬಹುದು. ಪ್ರಶ್ನೆ ಬಂದಾಗ ಟಿ ಒತ್ತಿದರೆ ಈ ಎರಡನ್ನೂ ಅದೇ ಪರೀಕ್ಷಿಸಿ ತೋರಿಸುತ್ತದೆ. ಸಿಕ್ಕ ಅಂಕಿಯ ಮೇಲೆ ಹತ್ತೋ ಹದಿನೈದೋ ಸೇರಿಸಿ ಇಡಿ. ಧೂಳು ಕೂತು ಬೇರಿಂಗ್ ಹಳೆಯದಾದಂತೆ ಫ್ಯಾನ್‌ಗೆ ಹೊರಡೋದು ಕಷ್ಟವಾಗುತ್ತದೆ.

ಕೆಳಗಿನ ಮಿತಿಗಿಂತ ತಣ್ಣಗಾದಾಗ ಫ್ಯಾನ್ ಪೂರ್ತಿ ನಿಲ್ಲಲಿ ಅಂತ ಆಗಿನ ವೇಗ ಹೇಳುವ ಮಿನ್‌ಪಿಡಬ್ಲ್ಯುಎಂ ಸಾಲಿಗೆ ಸೊನ್ನೆ ಇಡುವವರು ಬಹಳ. ನನಗೆ ಅದು ಇಷ್ಟವಿಲ್ಲ. ಇದರಲ್ಲಿ ಹಿಸ್ಟರಿಸಿಸ್ ಇಲ್ಲ, ಅಂದರೆ ಹೊರಡೋಕೊಂದು ಮಿತಿ, ನಿಲ್ಲೋಕೆ ಅದಕ್ಕಿಂತ ಕೆಳಗಿನದೊಂದು ಅಂತ ಇಲ್ಲ. ಬಿಸಿ 44ಕ್ಕೂ 46ಕ್ಕೂ ನಡುವೆ ಆಡುತ್ತಿದ್ದರೆ ಫ್ಯಾನ್ ನಿಲ್ಲೋದು, ಗುರ್ ಅಂತ ಹೊರಡೋದು, ಮತ್ತೆ ನಿಲ್ಲೋದು. ಮಿನ್‌ಸ್ಟಾಪ್ ಮತ್ತು ಮಿನ್‌ಪಿಡಬ್ಲ್ಯುಎಂ ಎರಡಕ್ಕೂ ಒಂದೇ ಅಂಕಿ ಕೊಟ್ಟರೆ ಈ ಕಾಟ ಇರಲ್ಲ. ಫ್ಯಾನ್ ಮೆಲ್ಲಗೆ ತಿರುಗುತ್ತಲೇ ಇರುತ್ತದೆ, ಕಿವಿಗೂ ಬೀಳಲ್ಲ. ಒಂದೇ ಮಟ್ಟದ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ. ತಲೆ ತಿನ್ನೋದು ಏರಿಳಿತ.

ಏರಿಳಿತದ ಮೂಲ ಎಷ್ಟೋ ಸಲ ತಪ್ಪು ಸೆನ್ಸರ್ ಆಯ್ಕೆ. ಈಗಿನ ಪ್ರೊಸೆಸರ್‌ಗಳ ಟೆಂಪರೇಚರ್, ಬ್ರೌಸರ್‌ನಲ್ಲಿ ಒಂದು ಪೇಜ್ ತೆರೆದರೂ ಕ್ಷಣದಲ್ಲಿ ಹತ್ತಿಪ್ಪತ್ತು ಡಿಗ್ರಿ ಹಾರಿ ವಾಪಸ್ ಬರುತ್ತದೆ. ಕೇಸ್ ಫ್ಯಾನ್‌ ಅದರ ಹಿಂದೆ ಓಡಬೇಕಾದ ಅಗತ್ಯವೇ ಇಲ್ಲ. ಕೇಸ್ ಒಳಗಿನ ಗಾಳಿ ಅಷ್ಟು ಬೇಗ ಬಿಸಿಯಾಗಲ್ಲ. ನನ್ನದನ್ನು ಡಿಸ್ಕ್ ಟೆಂಪರೇಚರ್‌ಗೆ ಕಟ್ಟಿದ್ದೇನೆ. ಪ್ರೊಸೆಸರ್ ಫ್ಯಾನ್‌ಗೆ ಮಾತ್ರ ಪ್ರೊಸೆಸರ್ ಸೆನ್ಸರ್, ಅದಕ್ಕೂ ಆವರೇಜ್ ಸಾಲು ಸೇರಿಸಿದ್ದೇನೆ. ಕೊನೆಯ ಕೆಲವು ರೀಡಿಂಗ್‌ಗಳ ಸರಾಸರಿ ತೆಗೆದುಕೊಳ್ಳೋದು ಅದರ ಕೆಲಸ. ಎಎಂಡಿಯ ಮೊದಲ ತಲೆಮಾರಿನ ರೈಜೆನ್ 1700ಎಕ್ಸ್, 1800ಎಕ್ಸ್ ಪ್ರೊಸೆಸರ್ ಇರುವವರು ಗಮನಿಸಿ: ಅವುಗಳ ಟಿಸಿಟಿಎಲ್ ಅನ್ನೋ ರೀಡಿಂಗ್ ನಿಜವಾದ ಬಿಸಿಗಿಂತ 20 ಡಿಗ್ರಿ ಹೆಚ್ಚು ತೋರಿಸುತ್ತದೆ. ಬೋರ್ಡ್ ಚಿಪ್‌ನ ಪಟ್ಟಿಯಲ್ಲಿ ಎಲ್ಲಿಗೂ ಜೋಡಿಸದ ಸೆನ್ಸರ್‌ಗಳೂ ಇರುತ್ತವೆ. ಮೈನಸ್ 60, ಪ್ಲಸ್ 127 ಅಂತೆಲ್ಲ ತೋರಿಸಿದರೆ ಗಾಬರಿ ಬೇಡ, ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಈಗ ಆ ಹೋದ ಸ್ಟಾರ್. ಕಾನ್ಫಿಗ್ ಫೈಲ್‌ನಲ್ಲಿ ಸೆನ್ಸರ್‌ಗಳ ಗುರುತು ಎಚ್‌ಡಬ್ಲ್ಯುಮಾನ್2, ಎಚ್‌ಡಬ್ಲ್ಯುಮಾನ್3 ಅಂತ ನಂಬರ್ ಮೇಲೆ ಇರುತ್ತದೆ. ಮಾಡ್ಯೂಲ್ ಲೋಡ್ ಆಗುವ ಕ್ರಮ ಬದಲಾದರೆ ಈ ನಂಬರೂ ಬದಲು. ಹೊಸ ಎಸ್‌ಎಸ್‌ಡಿ ಹಾಕಿದರೂ ಆಯ್ತು, ಕರ್ನಲ್ ಅಪ್‌ಡೇಟ್ ಆದರೂ ಆಯ್ತು. ಒಳ್ಳೆಯದೇನಂದರೆ, ಸೆನ್ಸರ್ ಚಿಪ್‌ನ ಜಾಗ, ಹೆಸರು ಹೇಳುವ ಡೆವ್‌ಪಾತ್, ಡೆವ್‌ನೇಮ್ ಸಾಲುಗಳನ್ನು ತಾಳೆ ನೋಡಿ, ಹೊಂದದಿದ್ದರೆ ಫ್ಯಾನ್‌ಕಂಟ್ರೋಲ್ ಶುರುವಾಗೋದೇ ಇಲ್ಲ, ತಪ್ಪು ಸೆನ್ಸರ್ ನೋಡಿಕೊಂಡು ಓಡಲ್ಲ. ಕೆಟ್ಟದ್ದೇನಂದರೆ, ಶುರುವಾಗಿಲ್ಲ ಅಂತ ಲಾಗ್ ನೋಡುವವರೆಗೆ ನಿಮಗೂ ಗೊತ್ತಾಗಲ್ಲ. ಸೆನ್ಸರ್ ಹೆಸರು ನೋಡಿ ನಂಬರ್ ತಿದ್ದುವ ಚಿಕ್ಕ ಸ್ಕ್ರಿಪ್ಟ್ ಒಂದನ್ನು ಫ್ಯಾನ್‌ಕಂಟ್ರೋಲ್ ಸರ್ವಿಸ್‌ಗಿಂತ ಮುಂಚೆ ಓಡುವ ಹಾಗೆ ಇಟ್ಟ ಮೇಲೆ ನನಗೆ ಈ ತಲೆನೋವು ತಪ್ಪಿತು.

ಸ್ಲೀಪ್‌ನಿಂದ ಎದ್ದಾಗ ಕೆಲವು ಬೋರ್ಡ್‌ಗಳು ಫ್ಯಾನ್‌ಗಳನ್ನು ಮತ್ತೆ ಬಯಾಸ್ ಕೈಗೇ ಕೊಟ್ಟುಬಿಡುತ್ತವೆ. ಎದ್ದ ಕೂಡಲೇ ಸರ್ವಿಸ್ ರೀಸ್ಟಾರ್ಟ್ ಆಗುವಂತೆ ಮಾಡಿಕೊಳ್ಳಿ. ಇನ್ನೊಂದು, ಇದನ್ನು ಯಾವತ್ತೂ ಕಿಲ್ ಮೈನಸ್ 9 (ಪ್ರೋಗ್ರಾಂ ಅನ್ನು ಬಲವಂತವಾಗಿ ಮುಗಿಸುವ ಕಮಾಂಡ್) ಕೊಟ್ಟು ಸಾಯಿಸಬೇಡಿ. ಸರಿಯಾಗಿ ನಿಲ್ಲಿಸಿದರೆ ಫ್ಯಾನ್‌ಗಳನ್ನು ಹಳೆಯ ವ್ಯವಸ್ಥೆಗೆ ಒಪ್ಪಿಸುತ್ತದೆ, ಅದಾಗದಿದ್ದರೆ ಪೂರ್ತಿ ವೇಗಕ್ಕೆ ಬಿಡುತ್ತದೆ. ಕಿಲ್ ಮೈನಸ್ 9ಕ್ಕೆ ಆ ಅವಕಾಶವೇ ಸಿಗಲ್ಲ. ಫ್ಯಾನ್ ಕೊನೆಯ ವೇಗದಲ್ಲೇ ಉಳಿದುಬಿಡುತ್ತದೆ, ಬಿಸಿ ಎಷ್ಟೇ ಏರಲಿ.

ಒಂದು ಫ್ಯಾನ್‌ಗೆ ಒಂದೇ ಸೆನ್ಸರ್, ಇದು ಇದರ ಇನ್ನೊಂದು ಮಿತಿ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಯಾವುದು ಹೆಚ್ಚು ಬಿಸಿಯೋ ಅದನ್ನು ನೋಡು ಅಂತ ಹೇಳೋಕೆ ಬರಲ್ಲ. ಎನ್ವಿಡಿಯಾದ ಸ್ವಂತ ಡ್ರೈವರ್ ಹಾಕಿಕೊಂಡಿದ್ದರೆ ಆ ಕಾರ್ಡಿನ ಬಿಸಿಯೇ ಇದಕ್ಕೆ ಕಾಣಲ್ಲ. ಗೇಮ್ ಆಡುವವರು ಇದೇ ಕೆಲಸ ಮಾಡುವ ಕೂಲರ್‌ಕಂಟ್ರೋಲ್ ಅನ್ನೋ ಪ್ರೋಗ್ರಾಂ ಹಾಕಿಕೊಳ್ಳಿ. ಅದರಲ್ಲಿ ಕರ್ವ್ ಎಳೆಯಬಹುದು, ಎರಡು ಸೆನ್ಸರ್ ಬೆರೆಸಬಹುದು, ಎನ್ವಿಡಿಯಾ ಕಾರ್ಡೂ ಕಾಣುತ್ತದೆ. ಬರೀ ಡಿಸ್ಕ್ ತುಂಬಿರುವ, ಮೂಲೆಯಲ್ಲಿ ಮಾನಿಟರ್ ಇಲ್ಲದೆ ಕೂತಿರುವ ಸರ್ವರ್‌ಗಾದರೆ ನಾನು ಈಗಲೂ ಮೊದಲು ಹಾಕೋದು ಫ್ಯಾನ್‌ಕಂಟ್ರೋಲನ್ನೇ.