ಡಾಕ್ಸ್ ಚೆಂದ ಇದೆ ಅಂತ ವರ್ಷದ ದುಡ್ಡು ಕಟ್ಟಬೇಡಿ

ಬರೆಯಬೇಕೋ ಬೇಡವೋ ಅಂತ ಮೂರು ದಿನ ಒದ್ದಾಡಿದೆ. ಸಿಟ್ಟು ಇಳಿದಿಲ್ಲ, ಬರೆದೇ ಬಿಡುತ್ತೇನೆ. ಎಐ ಏಜೆಂಟ್‌ಗೆ ಕಡತ ಹುಡುಕಿಕೊಡುವ ಟೂಲ್ ತಗೊಳ್ಳುವ ಯೋಚನೆ ಇರುವವರು, ಅದರಲ್ಲೂ ಕನ್ನಡ ಕಡತ ಇಟ್ಟುಕೊಂಡವರು, ದಯವಿಟ್ಟು ಪೂರ್ತಿ ಓದಿ. ಕಂಪನಿಯ ಹೆಸರು ಹಾಕುವುದಿಲ್ಲ.

ನಮ್ಮದು ಐದು ಜನರ ಸಣ್ಣ ಆಫೀಸು. ಮಲೆನಾಡಿನ ಒಂದು ಕೃಷಿ ಪತ್ತಿನ ಸಹಕಾರ ಸಂಘದ ಕೆಲಸ ಒಪ್ಪಿಕೊಂಡಿದ್ದೆವು. ಸುತ್ತೋಲೆ, ಬೈಲಾ, ಸಭೆಯ ನಡಾವಳಿ ಎಲ್ಲ ಒಂದೆಡೆ ಹಾಕಬೇಕು. ಸಿಬ್ಬಂದಿ ಕನ್ನಡದಲ್ಲಿ ಕೇಳಿದರೆ ಏಜೆಂಟ್ ಹುಡುಕಿ ಉತ್ತರ ಹೇಳಬೇಕು. ಯಾವ ಟೂಲ್ ತಗೊಳ್ಳೋಣ ಅಂತ ನೋಡುವ ಜವಾಬ್ದಾರಿ ನನ್ನದು. ನಾಲ್ಕು ಟೂಲ್‌ಗಳ ಡಾಕ್ಸ್ ಓದಿದೆ, ಅಂದರೆ ಟೂಲ್ ಬಳಸುವುದು ಹೇಗೆ ಅಂತ ಕಂಪನಿಯೇ ಬರೆದಿಡುವ ಕೈಪಿಡಿ. ಇದರದ್ದೇ ಚೆಂದ ಇತ್ತು. ಐದು ನಿಮಿಷದಲ್ಲಿ ಶುರು ಮಾಡಿ ಅನ್ನುವ ಪುಟ, ಭಾಷೆಗಳ ಪಟ್ಟಿಯಲ್ಲಿ ಕನ್ನಡದ ಹೆಸರು. ಸ್ಕ್ಯಾನ್ ಮಾಡಿದ ಪಿಡಿಎಫ್ ಹಾಕಿದರೆ ಓಸಿಆರ್ (ಚಿತ್ರದಲ್ಲಿರುವ ಅಕ್ಷರ ಓದಿ ಪಠ್ಯ ಮಾಡುವುದು) ತಾನಾಗೇ ಆಗುತ್ತದೆ ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು. ಅವರದೇ ಮಾದರಿ ಕಡತ ಹಾಕಿ ನೋಡಿದೆ, ಸರಿಯಾಗಿ ಬಂತು. ಮಾದರಿ ಕಡತ ಇಂಗ್ಲಿಷಿನದು. ಅಲ್ಲೇ ನಾನು ನಿಲ್ಲಬೇಕಿತ್ತು. ನಿಲ್ಲಲಿಲ್ಲ. "ಡಾಕ್ಸ್ ತುಂಬಾ ಚೆನ್ನಾಗಿದೆ ಸಾರ್" ಅಂತ ನಾನೇ ಬಾಸ್‌ಗೆ ಮೇಲ್ ಹಾಕಿದೆ. ವರ್ಷದ ಪ್ಲಾನ್ ತಗೊಂಡೆವು.

ಡೆಮೊ ದಿನ ಸಂಘದ ಕಾರ್ಯದರ್ಶಿಗಳು ತಾವೇ ಟೈಪ್ ಮಾಡಿದರು: ಬಡ್ಡಿ ಇಲ್ಲದ ಬೆಳೆ ಸಾಲ ಎಷ್ಟರವರೆಗೆ ಕೊಡಬಹುದು? ಏಜೆಂಟ್ 3 ಲಕ್ಷ ಅಂದಿತು. ಕೆಳಗೆ ಸುತ್ತೋಲೆಯ ನಂಬರ್, ಪುಟದ ನಂಬರ್ ಬೇರೆ. ಕಾರ್ಯದರ್ಶಿಗಳು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. "ಅಲ್ಲಪ್ಪಾ, ಅದು 2023ರ ಬಜೆಟ್‌ನಲ್ಲೇ 5 ಲಕ್ಷ ಆಯ್ತಲ್ಲ. ಸಾಲಕ್ಕೆ ಬರೋ ರೈತರಿಗೂ ಗೊತ್ತು ಇದು." ಪಕ್ಕದಲ್ಲಿ ಮೂವರು ನಿರ್ದೇಶಕರು ಕೂತಿದ್ದರು. ಯಾರೂ ಏನೂ ಅನ್ನಲಿಲ್ಲ. ನನಗೆ ತಲೆ ಎತ್ತಲಾಗಲಿಲ್ಲ.

ರಾತ್ರಿ ಕೂತು ಲಾಗ್ ತೆಗೆದೆ. 5 ಲಕ್ಷದ ಸುತ್ತೋಲೆ ನಾವು ಹಾಕಿದ್ದೆವು, ಸೀಲು, ಸಹಿ ಇರುವ ಸ್ಕ್ಯಾನ್ ಪ್ರತಿ. ಪಕ್ಕದಲ್ಲಿ 'ಯಶಸ್ವಿ' ಅಂತ ಹಸಿರು ಗುರುತೂ ಇತ್ತು. ಒಳಗೆ ಏನು ಸೇರಿದೆ ಅಂತ ನೋಡಿದರೆ ಒಂದೇ ಒಂದು ಕನ್ನಡ ಅಕ್ಷರ ಇಲ್ಲ! ಕನ್ನಡವನ್ನು ಇಂಗ್ಲಿಷ್ ಅಂದುಕೊಂಡು ಓದಿ ಸೊನ್ನೆ, ಎಂಟು, ಬ್ರಾಕೆಟ್ಟು ಅಂತ ಕಸ ತುಂಬಿತ್ತು. ಭಾಷೆ ಯಾವುದು ಅಂತ ನಾವೇ ಹೇಳಬೇಕಂತೆ. ಹೇಳದಿದ್ದರೆ ಇಂಗ್ಲಿಷ್. ಆ ಮಾತು ಡಾಕ್ಸ್‌ನಲ್ಲಿ ಎಲ್ಲೂ ಇಲ್ಲ. ಎರಡು ಸಲ ಹುಡುಕಿದೆ, ಎಲ್ಲೂ ಇಲ್ಲ.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಸಾಲದ ಪ್ರಶ್ನೆಗೆ 2023ರಿಂದ ಈಚಿನ ಸುತ್ತೋಲೆ ಮಾತ್ರ ನೋಡುವಂತೆ ಫಿಲ್ಟರ್ ಹಾಕಿದ್ದೆ. ಡಾಕ್ಸ್‌ನಲ್ಲಿ ಇದ್ದ ಹಾಗೇ ಹಾಕಿದ್ದೆ. ಹೊಸ ಆವೃತ್ತಿಯಲ್ಲಿ ಆ ಫಿಲ್ಟರ್ ಹೆಸರೇ ಬದಲಾಗಿದೆ. ಹಳೇ ಹೆಸರು ಕೊಟ್ಟರೆ ಎರರ್ ಬರಬೇಕು ಅಲ್ವಾ? ಬರುವುದಿಲ್ಲ. ಸುಮ್ನೆ ಫಿಲ್ಟರನ್ನು ಕೈಬಿಟ್ಟು, ಎಲ್ಲ ಸರಿಯಾಗಿದೆ ಅನ್ನುವ 200 ಕೋಡ್ ಜೊತೆ ಎಲ್ಲ ವರ್ಷದ್ದೂ ಕೊಡುತ್ತದೆ. ಹೊಸ ಸುತ್ತೋಲೆ ಕಸವಾಗಿತ್ತು, ವರ್ಡ್‌ನಲ್ಲಿದ್ದ ಹಳೇದು ಮೇಲೆ ಬಂತು. ಏಜೆಂಟನ್ನು ಟೂಲ್ ಜೊತೆ ಜೋಡಿಸುವ ಅವರ ಎಂಸಿಪಿ ಸರ್ವರ್ ಏಜೆಂಟ್‌ಗೆ ಕೊಡುವ ವಿವರಣೆಯಲ್ಲೂ ಅದೇ ಹಳೇ ಹೆಸರಿದೆ. ಏಜೆಂಟ್ ಟೂಲ್ ಬಳಸುವುದೇ ಆ ವಿವರಣೆ ಓದಿ. ನಾನು ಒಂದು ಸಲ ಮೋಸ ಹೋದೆ, ಅದು ಪ್ರತಿ ಸಲವೂ ಹೋಗುತ್ತದೆ.

ಸಪೋರ್ಟ್‌ಗೆ ಬರೆದೆ. ಮೊದಲ ಉತ್ತರ: "ದಯವಿಟ್ಟು ನಮ್ಮ ಡಾಕ್ಸ್ ನೋಡಿ." ಕೊಟ್ಟ ಲಿಂಕ್ ಅದೇ ತಪ್ಪು ಪುಟದ್ದು! ಎರಡನೆಯದು: "ನೀವು ನೋಡಿದ್ದು ಹಳೇ ಆವೃತ್ತಿಯ ಪುಟ." ನೀವೇ ಕಳಿಸಿದ ಲಿಂಕ್ ಅಲ್ವಾ ಅಂದೆ. ಪುಟದ ಮೇಲೆ ತಾರೀಕಿಲ್ಲ, ಆವೃತ್ತಿ ನಂಬರ್ ಇಲ್ಲ, ಹಳೇದು ಅಂತ ನನಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ಉತ್ತರವೇ ಇಲ್ಲ. ಕನ್ನಡದ ಬಗ್ಗೆ ಕೇಳಿದ್ದಕ್ಕೆ, ಪಟ್ಟಿಯಲ್ಲಿರುವ ಭಾಷೆಗಳು ಹುಡುಕಾಟಕ್ಕೆ ಮಾತ್ರ, ಓಸಿಆರ್‌ಗಲ್ಲ ಅಂದರು. ಹಾಗಂತ ಪಟ್ಟಿಯ ಕೆಳಗೆ ಒಂದು ಸಾಲು ಬರೆಯಲು ಏನಾಗಿತ್ತು? ದುಡ್ಡು ವಾಪಸ್ ಕೇಳಿದೆ. "ಡಾಕ್ಸ್ ಮಾಹಿತಿಗಾಗಿ ಮಾತ್ರ. ವರ್ಷದ ಪ್ಲಾನ್‌ಗೆ ರೀಫಂಡ್ ಇಲ್ಲ." ಇದನ್ನು ಓದಿದಾಗ ಕೈ ನಡುಗಿತು. ಮಾಹಿತಿಗಾಗಿಯೇ ತಾನೇ ನಾನು ಓದಿದ್ದು?

ನೀವು ತಗೊಳ್ಳುವ ಮೊದಲು ಅವರ ಮಾದರಿ ಕಡತ ಮುಟ್ಟಲೇಬೇಡಿ. ನಿಮ್ಮ ಹತ್ತಿರ ಇರುವುದರಲ್ಲೇ ಅತಿ ಕೆಟ್ಟ ಸ್ಕ್ಯಾನ್ ಹಾಕಿ, ಯೂನಿಕೋಡ್ ಅಲ್ಲದ ನುಡಿ ಫಾಂಟಿನ ಹಳೇ ಪಿಡಿಎಫ್ ಇದ್ದರೆ ಅದನ್ನೂ ಹಾಕಿ. ಹಸಿರು ಗುರುತು ನಂಬಬೇಡಿ, ಒಳಗೆ ಯಾವ ಅಕ್ಷರ ಸೇರಿದೆ ಅಂತ ಕಣ್ಣಾರೆ ನೋಡಿ. ಬೇಕಂತಲೇ ಇಲ್ಲದ ಫಿಲ್ಟರ್ ಹೆಸರು ಕೊಡಿ. ಎರರ್ ಬರದಿದ್ದರೆ ಅಲ್ಲಿಗೇ ಬಿಡಿ. ವರ್ಷದ ಪ್ಲಾನ್ ಅಂತೂ ಬೇಡವೇ ಬೇಡ.

ಆ ಪುಟ ಇವತ್ತು ಬೆಳಿಗ್ಗೆಯೂ ಹಾಗೇ ಇದೆ. ಸೋಮವಾರ ಮತ್ತೆ ಸಂಘದ ಆಫೀಸಿಗೆ ಹೋಗಬೇಕು. ಸ್ಕ್ಯಾನ್ ಪ್ರತಿಗಳನ್ನೆಲ್ಲ ಎದುರಿಗಿಟ್ಟುಕೊಂಡು ಒಂದೊಂದಾಗಿ ನಾನೇ ಯೂನಿಕೋಡ್‌ನಲ್ಲಿ ಟೈಪ್ ಮಾಡುತ್ತಿದ್ದೇನೆ. ಮೊದಲು ಮುಗಿಸಿದ್ದು ಆ 5 ಲಕ್ಷದ ಸುತ್ತೋಲೆ.