ಹುಳಿ ಕುದಿಸಲು ಯಾವ ಪಾತ್ರೆ: ಅಲ್ಯೂಮಿನಿಯಂ, ಆನೋಡೈಸ್ಡ್, ಸ್ಟೀಲ್?

ಅಲ್ಯೂಮಿನಿಯಂ ಹಗುರ, ಅಗ್ಗ, ಬೇಗ ಕಾಯುತ್ತದೆ. ಅನ್ನ, ಬೇಳೆ ಬೇಯಿಸುವಷ್ಟಕ್ಕೆ ಅದರಿಂದ ಇಳಿಯುವ ಲೋಹ ತೀರಾ ಕಡಿಮೆ. ಹುಣಸೆಹಣ್ಣು, ಟೊಮೆಟೊ, ಉಪ್ಪು ಸೇರಿದರೆ ಮಾತು ಬೇರೆ. ಹುಳಿಯ ಅಂಶ ಪಾತ್ರೆಯ ಆಕ್ಸೈಡ್ ಪದರವನ್ನು, ಅಂದರೆ ಗಾಳಿ ತಾಗಿ ಲೋಹದ ಮೇಲೆ ತಾನಾಗಿ ಮೂಡುವ ತೆಳು ರಕ್ಷಣೆಯನ್ನು, ಕರಗಿಸುತ್ತದೆ. ಕುದಿದಷ್ಟೂ, ಅದರಲ್ಲೇ ಇಟ್ಟಷ್ಟೂ ಲೋಹ ಸಾರಿಗೆ ಇಳಿಯುತ್ತದೆ.

ಹಾಗೆಂದು ಗಾಬರಿ ಬೇಡ. ನುಂಗಿದ ಅಲ್ಯೂಮಿನಿಯಂನಲ್ಲಿ ರಕ್ತಕ್ಕೆ ಸೇರುವುದು ಶೇ. 1ಕ್ಕಿಂತ ಕಡಿಮೆ, ಅದರ ಬಹುಪಾಲನ್ನೂ ಮೂತ್ರಪಿಂಡ ಹೊರಹಾಕುತ್ತದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2008ರಲ್ಲಿ ಹಾಕಿದ ಮಿತಿಯ ಲೆಕ್ಕದಲ್ಲಿ 60 ಕಿಲೋ ತೂಕದವರಿಗೆ ವಾರಕ್ಕೆ 60 ಮಿಲಿಗ್ರಾಂವರೆಗೆ ಹೊಟ್ಟೆಗೆ ಸೇರಬಹುದು. ಪಾತ್ರೆಯಿಂದ ಆಲ್ಝೈಮರ್ ಎಂಬ ಮರೆವಿನ ಕಾಯಿಲೆ ಬರುತ್ತದೆ ಎಂಬ ಮಾತು ಸಾಬೀತಾಗಿಲ್ಲ. ನಿಜವಾದ ಅಪಾಯ ಮೂತ್ರಪಿಂಡ ಸೋತವರಿಗೆ. 1970ರ ದಶಕದಲ್ಲಿ ಡಯಾಲಿಸಿಸ್‌ಗೆ (ಯಂತ್ರದಿಂದ ರಕ್ತ ಶುದ್ಧಿ ಮಾಡಲು) ಬಳಸಿದ ನೀರಿನಲ್ಲಿದ್ದ ಅಲ್ಯೂಮಿನಿಯಂ ನೇರ ರಕ್ತಕ್ಕೆ ಸೇರಿ ಎಷ್ಟೋ ರೋಗಿಗಳ ಮಾತು ತೊದಲಿತು, ಬುದ್ಧಿ ಮಂಕಾಯಿತು, ಮೂಳೆ ಮೆತ್ತಗಾಯಿತು. ಕೆಲವರು ಉಳಿಯಲೇ ಇಲ್ಲ. ಅಂಥ ಕಾಯಿಲೆಯವರಿರುವ ಮನೆಯಲ್ಲಿ ಹುಳಿಗೆ ಅಲ್ಯೂಮಿನಿಯಂ ಬೇಡವೇ ಬೇಡ ಎನ್ನುತ್ತೇನೆ.

ಆನೋಡೈಸ್ಡ್ ಅಂದರೆ ಅದೇ ಲೋಹ, ಮೇಲಿನ ಪದರವನ್ನು ವಿದ್ಯುತ್ತಿನಿಂದ ದಪ್ಪ ಮಾಡಿದ್ದು. ಲೋಹ ಇಳಿಯುವುದು ಕಡಿಮೆ, ಬೆಲೆ ಹೆಚ್ಚು. ತಂತಿ ನಾರಿನಿಂದ ಉಜ್ಜಿ ಗೀರು ಬಿದ್ದರೆ ಕೊಟ್ಟ ದುಡ್ಡಿನ ಪ್ರಯೋಜನ ಹೋಯಿತು.

ಸ್ಟೀಲ್: ಹುಳಿಗೆ ನನ್ನ ಆಯ್ಕೆ ಇದೇ. ದಪ್ಪ ತಳದ್ದನ್ನೇ ಕೊಳ್ಳಿ, ಇಲ್ಲವಾದರೆ ತಳ ಹಿಡಿಯುತ್ತದೆ. ಸ್ಟೀಲಿನಲ್ಲಿ ಬೆರೆತಿರುವ ನಿಕ್ಕಲ್ ಲೋಹದ ಅಲರ್ಜಿ ಇರುವವರು ಮಾತ್ರ ಹೊಚ್ಚ ಹೊಸ ಪಾತ್ರೆಯಲ್ಲಿ ಮೊದಲ ಕೆಲವು ಸಲ ಹುಳಿ ಕುದಿಸದಿರುವುದು ಒಳ್ಳೆಯದು.

ಮನೆಯ ಹಳೇ ಅಲ್ಯೂಮಿನಿಯಂ ಕುಕ್ಕರ್ ಎಸೆಯಬೇಕಿಲ್ಲ. ಬೇಳೆ ಅದರಲ್ಲೇ ಬೇಯಲಿ, ಹುಣಸೆರಸ ಹಾಕುವ ಹೊತ್ತಿಗೆ ಸ್ಟೀಲ್ ಪಾತ್ರೆಗೆ ಬಗ್ಗಿಸಿಕೊಳ್ಳಿ.