ಅಪ್ಪನ ಕಪ್ಪು ಸ್ವಿಫ್ಟ್, ಹೊಸಪೇಟೆಯ ಕೆಂಪು ದೂಳು ಮತ್ತು ಒಂದು ಬಾಟಲಿ ಕಾಂಪೌಂಡ್

ಮೆಗ್ವಾಯರ್ಸ್ ಅಲ್ಟಿಮೇಟ್ ಕಾಂಪೌಂಡ್, ಕಾರಿನ ಬಣ್ಣದ ಮೇಲಿನ ಗೀರನ್ನು ಸವೆಸಿ ತೆಗೆಯುವ ಪಾಲಿಶ್, 450 ಎಂಎಲ್ ಬಾಟಲಿ. ಅಪ್ಪನ ಕಾರಿಗೆ ಮೂರು ಭಾನುವಾರ ಕೊಟ್ಟೆ, ಅದರಲ್ಲಿ ಒಂದು ಭಾನುವಾರ ಇದನ್ನು ಹಚ್ಚಿ ತಿಕ್ಕಿದ್ದೇನೆ. ಒಳ್ಳೆಯ ಮಾಲು. ದುಡ್ಡಿಗೆ ಮೋಸವಿಲ್ಲ. ಆದರೆ ಬಾಟಲಿಯ ಬಗ್ಗೆ ಮಾತ್ರ ಬರೆದು ಮುಗಿಸಿದರೆ ಕೊಳ್ಳುವವರಿಗೆ ಅನ್ಯಾಯ ಮಾಡಿದಂತೆ. ಇದರ ಮುಚ್ಚಳ ತೆಗೆಯುವ ಮೊದಲು ಮಾಡಬೇಕಾದ ಕೆಲಸವೇ ಜಾಸ್ತಿ. ಆ ಕೆಲಸ ಬಿಟ್ಟರೆ ಎಂಥ ಕಾಂಪೌಂಡ್ ಆದರೂ ಕಾರು ಹಾಳಾಗುತ್ತದೆ.

ಕಾರು 2012ರ ಕಪ್ಪು ಸ್ವಿಫ್ಟ್. ಅಪ್ಪ ರಿಟೈರ್ ಆದ ವರ್ಷ ಕೊಂಡಿದ್ದು. 2021ರಲ್ಲಿ ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೆ ಅವರು ಸ್ಟಿಯರಿಂಗ್ ಮುಟ್ಟಲಿಲ್ಲ. ನನಗೆ ಕಾಲೇಜಿಗೆ ಸ್ಕೂಟಿ ಸಾಕಿತ್ತು. ಕಾರು ಮನೆ ಮುಂದಿನ ಬೇವಿನ ಮರದ ಕೆಳಗೆ ನಿಂತೇ ಬಿಟ್ಟಿತು. ವಾರಕ್ಕೊಮ್ಮೆ ಸ್ಟಾರ್ಟ್ ಮಾಡುತ್ತಿದ್ದೆವು, ಅಷ್ಟೇ.

ಹೊಸಪೇಟೆಯ ದೂಳನ್ನು ಕಂಡವರಿಗೆ ಮುಂದಿನದು ಹೇಳಬೇಕಾಗಿಲ್ಲ. ಸಂಡೂರು ಕಡೆಯ ಅದಿರು ಲಾರಿಗಳು ಓಡಾಡುವ ದಾರಿ ನಮ್ಮದು. ಗೋಡೆ, ಗಿಡದ ಎಲೆ, ಒಣಗಲು ಹಾಕಿದ ಬಟ್ಟೆ, ಎಲ್ಲದರ ಮೇಲೂ ಸಣ್ಣ ಕೆಂಪು ಪುಡಿ. ಅದು ಬರೀ ಮಣ್ಣಲ್ಲ. ಅದರಲ್ಲಿ ಗಟ್ಟಿಯಾದ ಅದಿರಿನ ಕಣ ಇರುತ್ತದೆ. ಅದರ ಮೇಲೆ ಬೇವಿನ ಮರದ ಕಾಗೆಗಳು. ಅದರ ಮೇಲೆ ಬೋರ್‌ವೆಲ್ ನೀರಿನ ಬಿಳಿ ಚುಕ್ಕೆ.

ಕಾರನ್ನು ಕಾಪಾಡಲಿ ಅಂತ ನಾನೇ ಒಂದು ಕವರ್ ತಂದು ಹೊದಿಸಿದ್ದೆ. ಅದು ತಪ್ಪು. ದೂಳು ಕೂತ ಕಾರಿನ ಮೇಲೆ ಕವರ್ ಹಾಕಿದರೆ ಗಾಳಿ ಬಂದಾಗಲೆಲ್ಲ ಆ ಬಟ್ಟೆ ದೂಳನ್ನು ಬಣ್ಣದ ಮೇಲೆ ಉಜ್ಜುತ್ತದೆ. ಕವರ್ ತೆಗೆದ ದಿನ ಬಾನೆಟ್ ಬೂದಿ ಬಳಿದಂತೆ ಕಂಡಿತು. ಅಪ್ಪ ಬಾಗಿಲಲ್ಲೇ ನಿಂತು ನೋಡಿದರು. ಏನೂ ಮಾತಾಡದೆ ಒಳಗೆ ಹೋದರು. ಅವತ್ತೇ ತೀರ್ಮಾನ ಮಾಡಿದೆ.

ಮೊದಲು ಒಂದು ಅಂಗಡಿಗೆ ಒಯ್ದೆ. ಹೆಸರು ಬೇಡ. ಅಲ್ಲಿದ್ದವರು ಕಾರಿನ ಹತ್ತಿರಕ್ಕೂ ಬರದೆ "ಸೆರಾಮಿಕ್ ಕೋಟಿಂಗ್ ಮಾಡಿಸಿ ಮೇಡಂ, 24 ಸಾವಿರ" ಅಂದರು. ಬಣ್ಣ ಎಷ್ಟು ದಪ್ಪ ಉಳಿದಿದೆ, ಯಾವ ಕಲೆ ಹೋಗುತ್ತದೆ, ಯಾವುದು ಹೋಗುವುದಿಲ್ಲ, ಒಂದೂ ಹೇಳಲಿಲ್ಲ. ಕೋಟಿಂಗ್ ಅಂದರೆ ಪಾರದರ್ಶಕ ಪದರ. ಕೆಳಗೆ ಗೀರಿದ್ದರೆ ಗೀರು ಹಾಗೇ ಕಾಣುತ್ತದೆ ಅಲ್ವಾ? ಇನ್ನೊಂದು ದಾರಿ ನಮ್ಮ ಕಡೆ ಎಲ್ಲರೂ ಹೇಳುವ "ರಬ್ಬಿಂಗ್ ಪಾಲಿಶ್". 2018ರಲ್ಲಿ ಒಂದು ಗ್ಯಾರೇಜಿನಲ್ಲಿ ಅದನ್ನೂ ಮಾಡಿಸಿದ್ದೆವು. ಮನೆಗೆ ಬಂದಾಗ ಕನ್ನಡಿಯಂತಿತ್ತು. ನಾಲ್ಕು ಸಲ ತೊಳೆಯುವಷ್ಟರಲ್ಲಿ ಗೀರುಗಳೆಲ್ಲ ವಾಪಸ್ ಬಂದವು. ಎಣ್ಣೆಯಂಥ ವಸ್ತು ತುಂಬಿ ಮುಚ್ಚಿದ್ದರು, ತೆಗೆದಿರಲಿಲ್ಲ. ಡಿಕ್ಕಿಯ ಅಂಚಿನಲ್ಲಿ ರೋಟರಿ ಮೆಷಿನ್ ಬಣ್ಣವನ್ನೇ ಸುಟ್ಟಿತ್ತು. ಆ ಗುರುತು ಇವತ್ತಿಗೂ ಇದೆ.

ಹಾಗಾಗಿ ನಾನೇ ಮಾಡಲು ಹೊರಟೆ. ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಕಾರಿನ ಬಣ್ಣದ ವಿಷಯ ಮುಕ್ಕಾಲು ಪಾಲು ಕೆಮಿಸ್ಟ್ರಿಯೇ.

ಮೊದಲ ಭಾನುವಾರ ಪೂರ್ತಿ ಬರೀ ತೊಳೆಯುವುದರಲ್ಲಿ ಹೋಯಿತು. ಬಟ್ಟೆ ಮುಟ್ಟಿಸದೆ ಪೈಪಿನ ನೀರು ಬಿಟ್ಟು ಸಡಿಲ ದೂಳು ಇಳಿಸಿದೆ. ಆಮೇಲೆ ಎರಡು ಬಕೆಟ್. ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಪ್ರತಿ ಸಲ ಒರೆಸಿದ ಮೇಲೆ ಕೈಗವಸನ್ನು ಬರೀ ನೀರಿನಲ್ಲಿ ಜಾಲಾಡಿಸಿ ಆಮೇಲೆ ಶಾಂಪೂಗೆ ಅದ್ದಬೇಕು. ಮುಗಿದಾಗ ಎರಡನೇ ಬಕೆಟ್ಟಿನ ತಳದಲ್ಲಿ ಒಂದು ಹಿಡಿ ಕೆಂಪು ಕೆಸರು ಕೂತಿತ್ತು. ಒಂದೇ ಬಕೆಟ್ ಆಗಿದ್ದರೆ ಅದಷ್ಟೂ ಮತ್ತೆ ಬಣ್ಣದ ಮೇಲೆ ಓಡಾಡುತ್ತಿತ್ತು.

ತೊಳೆದ ಮೇಲೆ ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ಬಾನೆಟ್ ಸವರಿ ನೋಡಿ. ಬರಿಗೈಗೆ ಗೊತ್ತಾಗದ್ದು ಕವರಿನ ಮೂಲಕ ಗೊತ್ತಾಗುತ್ತದೆ. ನಮ್ಮ ಕಾರು ರವೆ ಚೆಲ್ಲಿದಂತೆ ಗರಗರ ಅನ್ನುತ್ತಿತ್ತು. ಬ್ರೇಕಿನಿಂದ, ರಸ್ತೆಯಿಂದ ಹಾರಿ ಬಂದ ಕಬ್ಬಿಣದ ಕಣಗಳು ಬಣ್ಣದೊಳಗೆ ನಾಟಿಕೊಂಡಿರುತ್ತವೆ. ಅದಕ್ಕೆ ಐರನ್ ರಿಮೂವರ್ ಎಂಬ ದ್ರಾವಣ ಸಿಗುತ್ತದೆ. ಅದರಲ್ಲಿರುವ ಥಯೋಗ್ಲೈಕೊಲೇಟ್ ಕಬ್ಬಿಣದ ಜೊತೆ ಸೇರಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಸಿಂಪಡಿಸಿ ಎರಡು ನಿಮಿಷದಲ್ಲಿ ಬಾಗಿಲುಗಳ ಕೆಳಭಾಗದಿಂದ ನೇರಳೆ ಹಣ್ಣಿನ ರಸದಂತೆ ಇಳಿಯತೊಡಗಿತು. ಅಪ್ಪ ಗಾಬರಿಯಾಗಿ "ಬಣ್ಣ ಬಿಡ್ತಿದೆಯಲ್ಲಮ್ಮಾ" ಅಂದರು. ಬಣ್ಣ ಅಲ್ಲಪ್ಪ, ಕಬ್ಬಿಣ ಅಂದೆ. ವಾಸನೆ ಮಾತ್ರ ಕೊಳೆತ ಮೊಟ್ಟೆಯದು. ಗ್ಲೌಸ್ ಹಾಕಿಕೊಳ್ಳಿ, ಬಯಲಲ್ಲಿ ಮಾಡಿ, ಒಣಗಲು ಬಿಡಬೇಡಿ.

ಬಿಳಿ ನೀರಿನ ಚುಕ್ಕೆಗೆ ಅಂಗಡಿಯ ಬಾಟಲಿ ಬೇಕಿಲ್ಲ. ಬೋರ್‌ವೆಲ್ ನೀರು ಒಣಗಿದಾಗ ಉಳಿಯುವುದು ಮುಖ್ಯವಾಗಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಒಂದು ನಿಮಿಷ ಇಟ್ಟು ತೊಳೆದರೆ ಕರಗುತ್ತದೆ. ಆಮೇಲೂ ಉಂಗುರ ಕಂಡರೆ ಅದು ಬಣ್ಣವನ್ನು ತಿಂದು ಒಳಗಿಳಿದಿದೆ ಎಂದು ಅರ್ಥ. ಕಾಗೆ ಹಿಕ್ಕೆಯ ಕತೆಯೂ ಹಾಗೆಯೇ. ಅದರಲ್ಲಿ ಯೂರಿಕ್ ಆಸಿಡ್ ಇದೆ, ನಮ್ಮ ಬಿಸಿಲೂ ಸೇರಿದರೆ ಬೇಗ ಕೊರೆಯುತ್ತದೆ.

ಕೊನೆಗೆ ಕ್ಲೇ ಬಾರ್. ಬಣ್ಣಕ್ಕೆ ಅಂಟಿ ಉಳಿದ ಕಣಗಳನ್ನು ಎತ್ತುವ, ಜೇಡಿಮಣ್ಣಿನ ಉಂಡೆಯಂಥದ್ದು. ಶಾಂಪೂ ನೀರು ಧಾರಾಳವಾಗಿ ಹಾಕಿ ಮೆಲ್ಲಗೆ ಜಾರಿಸಬೇಕು. ಗರಗರ ಸದ್ದು ಕ್ರಮೇಣ ನಿಂತು ಗಾಜಿನಂತೆ ಜಾರತೊಡಗುತ್ತದೆ. ಉಂಡೆ ನೆಲಕ್ಕೆ ಬಿದ್ದರೆ ಎಸೆದುಬಿಡಿ. ಅರ್ಧ ಉಂಡೆ ಹಾಗೆ ಎಸೆದೆ, ಬೇಜಾರಾಯಿತು, ಆದರೆ ಮರಳು ಹತ್ತಿದ ಉಂಡೆ ಉಪ್ಪುಕಾಗದವೇ ಸರಿ.

ಎರಡನೇ ಭಾನುವಾರ ಅಳತೆ. ಹಳೆ ಕಾರು ಮಾರುವ ಪರಿಚಯದವರೊಬ್ಬರಿಂದ ಪೇಂಟ್ ದಪ್ಪ ಅಳೆಯುವ ಮೀಟರ್ ಎರವಲು ತಂದೆ. ಇದನ್ನು ದಯವಿಟ್ಟು ಬಿಡಬೇಡಿ. ಕಂಪನಿ ಬಣ್ಣ ಎಲ್ಲ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಅದರಲ್ಲಿ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್‌ಕೋಟ್, ಸುಮಾರು 40-50 ಮೈಕ್ರಾನ್ ಮಾತ್ರ. ಪೇಪರಿನವನು ಬೆಳಗ್ಗೆ ಹಾಕುವ ದಿನಪತ್ರಿಕೆಯ ಹಾಳೆಗಿಂತ ತೆಳು. ಕಾಂಪೌಂಡ್ ಅಂದರೆ ಆ ಹಾಳೆಯನ್ನು ಇನ್ನೊಂಚೂರು ಸವೆಸುವುದು. ಗೀರಿನ ತಳದ ಮಟ್ಟಕ್ಕೆ ಸುತ್ತಲಿನದನ್ನು ಇಳಿಸುವುದು. ಸವೆದದ್ದು ಮತ್ತೆ ಬೆಳೆಯುವುದಿಲ್ಲ.

ನಮ್ಮ ಬಾನೆಟ್ 110ರ ಆಸುಪಾಸು ತೋರಿಸಿತು. ಬಾಗಿಲುಗಳು 115, 118. ಎಡಗಡೆಯ ಮುಂದಿನ ಬಾಗಿಲಿಗೆ ಇಟ್ಟರೆ 260! ಮೀಟರ್ ಕೆಟ್ಟಿದೆ ಅಂದುಕೊಂಡೆ. ಮತ್ತೆ ಇಟ್ಟೆ, 255. ಅಷ್ಟು ಬಂದರೆ ಆ ಭಾಗಕ್ಕೆ ಮತ್ತೆ ಬಣ್ಣ ಹೊಡೆಸಿದ್ದಾರೆ ಎಂದು ಅರ್ಥ. ಅಪ್ಪನ ಮುಖ ನೋಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ಕಬ್ಬಿನ ಟ್ರ್ಯಾಕ್ಟರಿನ ಟ್ರೇಲರ್ ತಾಗಿತ್ತಂತೆ, ಅಮ್ಮ ಹೆದರಿಕೊಳ್ಳುತ್ತಾಳೆ ಅಂತ ಯಾರಿಗೂ ಹೇಳದೆ ಸರಿ ಮಾಡಿಸಿದ್ದರಂತೆ. ಎಷ್ಟೋ ವರ್ಷ ಒಬ್ಬರೇ ಇಟ್ಟುಕೊಂಡಿದ್ದ ಮಾತು. ಆ ಬಾಗಿಲಿನ ಹತ್ತಿರ ನಿಂತು ಇಬ್ಬರೂ ತುಂಬ ಹೊತ್ತು ಮಾತಾಡಿದೆವು. ಅವತ್ತು ಕೆಲಸ ಶುರುವಾಗಿದ್ದೇ ಹನ್ನೊಂದಕ್ಕೆ.

ಈಗ ಬಾಟಲಿಯ ವಿಷಯ. ಡಿಎ (ಡ್ಯುಯಲ್ ಆಕ್ಷನ್) ಪಾಲಿಶರ್ ಒಂದನ್ನು ಆರು ಸಾವಿರ ಚಿಲ್ಲರೆಗೆ ತರಿಸಿದ್ದೆ. ಇದು ತಿರುಗುತ್ತಲೇ ಅಲುಗಾಡುವ ಮೆಷಿನ್. ರೋಟರಿಯಂತೆ ಒಂದೇ ಕಡೆ ಬಿಸಿ ಏರಿಸುವುದಿಲ್ಲ. ಹೊಸಬರಿಗೆ ಇದೇ ಸರಿ. ಅಂಚು, ಮಡಿಕೆ, ಕಪ್ಪು ಪ್ಲಾಸ್ಟಿಕ್, ರಬ್ಬರ್ ಎಲ್ಲದಕ್ಕೂ ಮಾಸ್ಕಿಂಗ್ ಟೇಪ್ ಹಚ್ಚಿ. ಅಂಚಿನಲ್ಲಿ ಬಣ್ಣ ತೆಳು. ಪ್ಲಾಸ್ಟಿಕ್ಕಿಗೆ ಕಾಂಪೌಂಡ್ ಹತ್ತಿದರೆ ಬಿಳಿ ಕಲೆ ಬೇಗ ಹೋಗುವುದಿಲ್ಲ.

ಮೊದಲು ಬಾನೆಟ್ಟಿನ ಮೂಲೆಯಲ್ಲಿ ಒಂದೂವರೆ ಅಡಿ ಚೌಕ ಮಾತ್ರ. ಫೋಮ್ ಪ್ಯಾಡಿಗೆ ಕಡಲೆಕಾಳಿನಷ್ಟು ನಾಲ್ಕು ಹನಿ. ಮೆಷಿನ್ ಆನ್ ಮಾಡುವ ಮೊದಲೇ ಕೈಯಲ್ಲಿ ಹರಡಿ, ಇಲ್ಲದಿದ್ದರೆ ಗೋಡೆಗೆಲ್ಲ ಸಿಡಿಯುತ್ತದೆ. ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು ಸಲ, ಅವಸರವಿಲ್ಲದೆ. ಒರೆಸಿ, ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿದ ನೀರಿನಿಂದ ಇನ್ನೊಮ್ಮೆ ಒರೆಸಿ ಮೊಬೈಲ್ ಟಾರ್ಚ್ ಬಿಟ್ಟೆ. ಆಲ್ಕೋಹಾಲ್ ಯಾಕೆಂದರೆ ಎಣ್ಣೆಯ ಹೊಳಪು ಹೋಗಿ ನಿಜ ಕಾಣಬೇಕು. ಟೇಪಿನ ಒಂದು ಕಡೆ ಜೇಡರ ಬಲೆಯಂತೆ ಸುತ್ತು ಸುತ್ತು ಗೀರು. ಇನ್ನೊಂದು ಕಡೆ ಕಪ್ಪು. ಬಾವಿಯೊಳಗೆ ಬಗ್ಗಿ ನೋಡಿದಾಗ ಕಾಣುವಂಥ ಕಪ್ಪು. ಬೇವಿನ ಎಲೆಗಳು ಒಂದೊಂದಾಗಿ ಅದರಲ್ಲಿ ಕಂಡವು. ನನಗೆ ಕಣ್ಣು ತುಂಬಿ ಬಂತು.

ಈ ಕಾಂಪೌಂಡಿನಲ್ಲಿ ನನಗೆ ಇಷ್ಟವಾಗಿದ್ದು ಎರಡು. ಕತ್ತರಿಸುವ ಶಕ್ತಿ ಹದವಾಗಿದೆ. ಕೆಲಸ ಮುಗಿದ ಮೇಲೆ ಬಾನೆಟ್ ಅಳೆದರೆ ಎರಡು ಮೂರು ಮೈಕ್ರಾನ್ ಮಾತ್ರ ಕಡಿಮೆ ತೋರಿತು. ಜೊತೆಗೆ ಒರೆಸುವುದು ಸುಲಭ, ಹಿಟ್ಟಿನಂತೆ ಪುಡಿ ಹಾರುವುದು ಕಡಿಮೆ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರಿಗೆ ಇದನ್ನು ನಂಬಬೇಡಿ. ಅಂಥ ಗೀರು ಯಾವ ಕಾಂಪೌಂಡಿಗೂ ಹೋಗುವುದಿಲ್ಲ, ಹೋಗುವವರೆಗೆ ತಿಕ್ಕಲೂ ಬಾರದು. ನಮ್ಮ ಕಾರಿನ ಬಣ್ಣ ಮೆತ್ತಗಿದೆ, ಮೇಲಾಗಿ ಕಪ್ಪು. ಕಾಂಪೌಂಡ್ ಆದ ಮೇಲೆ ಬಿಸಿಲಿನಲ್ಲಿ ತೆಳುವಾದ ಮಂಜು ಉಳಿದಂತಿತ್ತು. ಮೆತ್ತನೆಯ ಪ್ಯಾಡಿನಲ್ಲಿ ಫಿನಿಶಿಂಗ್ ಪಾಲಿಶ್ ಹಾಕಿದ ಮೇಲೆ ಅದೂ ಹೋಯಿತು. ಬಿಳಿ ಅಥವಾ ಬೆಳ್ಳಿ ಬಣ್ಣದ ಕಾರಾದರೆ ಈ ಎರಡನೇ ಸುತ್ತು ಬಹುಶಃ ಬೇಕಾಗುವುದಿಲ್ಲ.

ಪ್ಯಾಡ್ ಮಾತ್ರ ಜಾಸ್ತಿ ಇಟ್ಟುಕೊಳ್ಳಿ. ನನಗೆ ಆರು ಬೇಕಾಯಿತು. ಕೆಲಸ ನೆರಳಿನಲ್ಲೇ, ತಗಡು ತಣ್ಣಗಿರುವಾಗಲೇ ಮಾಡಬೇಕು. ನಾನು ಡಿಸೆಂಬರ್ ಆರಿಸಿಕೊಂಡೆ. ಏಪ್ರಿಲ್‌ನ ಹೊಸಪೇಟೆಯಲ್ಲಿ ಕಾಂಪೌಂಡ್ ಹಚ್ಚಿದಲ್ಲೇ ಒಣಗಿಬಿಡುತ್ತದೆ.

ಸರಿಯಾಗದ್ದೂ ಇದೆ. ರೂಫಿನ ಹಿಂಭಾಗದಲ್ಲಿ ಅಂಗೈಯಗಲ ಕ್ಲಿಯರ್‌ಕೋಟ್ ಎದ್ದು ಹಾವಿನ ಪೊರೆಯಂತೆ ಬಿಟ್ಟಿದೆ. ಅಲ್ಲಿ ತಿಕ್ಕಿದರೆ ಅಂಚು ಇನ್ನೂ ಕಿತ್ತು ಬರುತ್ತದೆ. ಅದಕ್ಕೆ ಹೊಸ ಬಣ್ಣವೇ ದಾರಿ. ಸುತ್ತ ಟೇಪ್ ಹಚ್ಚಿ ಬಿಟ್ಟೆ. ಬಾನೆಟ್ಟಿನಲ್ಲಿ ಕಾಗೆ ಹಿಕ್ಕೆಯ ಮೂರು ಉಂಗುರ ಮಸುಕಾಗಿ ಉಳಿದಿವೆ. ಇನ್ನೆರಡು ಸಲ ತಿಕ್ಕಿದ್ದರೆ ಹೋಗುತ್ತಿತ್ತೇನೋ. ಆದರೆ ಮುಂದೊಂದು ದಿನ ಬೇಕಾಗಬಹುದಾದ ಕ್ಲಿಯರ್‌ಕೋಟ್ ಅದು. ಬಿಟ್ಟೆ.

ಮೂರನೇ ಭಾನುವಾರ ರಕ್ಷಣೆ. ಸಿಲಿಕಾ ಇರುವ ಸೆರಾಮಿಕ್ ಸ್ಪ್ರೇ ಹೊಡೆದು ಒರೆಸಿದೆ. ಅಂಗಡಿಯ ಕೋಟಿಂಗಿನಷ್ಟು ಬಾಳಿಕೆ ಇದಕ್ಕಿಲ್ಲ, ಗೊತ್ತು. ನನ್ನ ಲೆಕ್ಕದಲ್ಲಿ ನಾಲ್ಕೈದು ತಿಂಗಳಿಗೊಮ್ಮೆ ಮತ್ತೆ ಹೊಡೆಯುತ್ತೇನೆ, ಅರ್ಧ ಗಂಟೆಯ ಕೆಲಸ. 9ಎಚ್ ಅಂತ ಡಬ್ಬಿಯ ಮೇಲೆ ಬರೆದಿದ್ದರೆ ಮರುಳಾಗಬೇಡಿ. ಅದು ಪೆನ್ಸಿಲ್ ಗೀರಿ ನೋಡುವ ಪರೀಕ್ಷೆಯ ಅಳತೆ. ಲಾರಿ ಚಕ್ರದಿಂದ ಸಿಡಿಯುವ ಕಲ್ಲನ್ನು ಇಂಥ ಕೋಟಿಂಗ್ ತಡೆಯುವುದಿಲ್ಲ. ಅದಕ್ಕೆ ಪಿಪಿಎಫ್ ಎಂಬ ದಪ್ಪ ಫಿಲ್ಮೇ ಬೇಕು. ಕೋಟಿಂಗಿನಿಂದ ಆಗುವ ಉಪಕಾರ ಬೇರೆ. ನೀರು ಬೇಗ ಜಾರುತ್ತದೆ, ದೂಳು ಅಂಟುವುದು ಕಡಿಮೆ, ತೊಳೆಯುವಾಗ ಹೆಚ್ಚು ಉಜ್ಜಬೇಕಾಗಿಲ್ಲ. ನಮ್ಮ ಊರಿಗೆ ಬೇಕಾದದ್ದು ಅದೇ.

ಒಂದು ವಿಷಯ ಅಪ್ಪನಿಗೆ ಹೇಳುವುದು ಕಷ್ಟವಾಯಿತು. ಒಂಬತ್ತು ವರ್ಷ ಅವರು ದಿನಾ ಬೆಳಗ್ಗೆ ಕಾಫಿ ಕುಡಿದು, ಹಳೆ ಪಂಚೆಯ ತುಂಡು ಹಿಡಿದು ಒಣ ದೂಳು ಒರೆಸುತ್ತಿದ್ದರು. ಬೀದಿಯಲ್ಲಿ ಅಷ್ಟು ಚೊಕ್ಕ ಕಾರು ಇನ್ನೊಂದಿರಲಿಲ್ಲ. ಆ ಜೇಡರ ಬಲೆಯಲ್ಲಿ ಹೆಚ್ಚಿನ ಗೀರು ಆ ಬಟ್ಟೆಯದೇ. ಕವರಿನದು ಆಮೇಲಿನದು. ನಾನು ಮೆಲ್ಲಗೆ, ಅದಿರಿನ ಕಣ ಎಷ್ಟು ಗಟ್ಟಿ ಅಂತ ಶುರು ಮಾಡಿದೆ. ಅವರು ಅಷ್ಟರಲ್ಲೇ ಅರ್ಥ ಮಾಡಿಕೊಂಡರು. "ನೀರು ಬಿಟ್ಟು ಒರೆಸಬೇಕಿತ್ತು" ಅಂದರು.

ಈಗ ಕಾರನ್ನು ಮರದ ಕೆಳಗಿನಿಂದ ತೆಗೆದು ಪಕ್ಕದ ಶೀಟಿನ ನೆರಳಿಗೆ ತಂದಿದ್ದೇವೆ. ಭಾನುವಾರ ಬೆಳಗ್ಗೆ ಏಳಕ್ಕೆ ಎರಡು ಬಕೆಟ್ ಅಪ್ಪನೇ ತುಂಬಿಡುತ್ತಾರೆ. ಬಾಟಲಿಯಲ್ಲಿ ಕಾಲು ಭಾಗ ಉಳಿದಿದೆ. ಹೆಡ್‌ಲೈಟ್ ಎರಡೂ ಹಳದಿಯಾಗಿವೆ, ಮುಂದಿನ ರಜೆಯಲ್ಲಿ ಅದರ ಮೇಲೆ ಹಾಕಿ ನೋಡಬೇಕು.